ಹತ್ತಿ ಹಿಡಿಯದ ಕೆನ್ನೆ

ಕೆನ್ನೆಗೆ ಹತ್ತಿ ಅಂಟಿತೆಂದು ಬಾಗಿಲು ಕಾಯುವವನ ಅರ್ಧ ದಿನದ ಸಂಬಳ ಹಿಡಿದರು.

ಹೋಟೆಲು ದೊಡ್ಡದು. ಗಾಜಿನ ಬಾಗಿಲು, ಹಿತ್ತಾಳೆಯ ಹಿಡಿ, ಕಾಲಿಟ್ಟರೆ ಜಾರಿ ಬೀಳುವಷ್ಟು ನುಣುಪಾದ ನೆಲ. ಆಳುಗಳ ಮುಖವೂ ಆ ನೆಲದ ಹಾಗೇ ಇರಬೇಕು ಎಂಬುದು ಮ್ಯಾನೇಜರನ ವಾದ. ನೆಲ ಒರೆಸಲು ಹೋಟೆಲೇ ಯಂತ್ರ ತರಿಸಿತ್ತು. ಮುಖವನ್ನು ಮಾತ್ರ ಅವರವರ ಖರ್ಚಿನಲ್ಲೇ ಒರೆಸಿಕೊಂಡು ಬರಬೇಕಿತ್ತು.

ಬೆಳಗಿನ ಪಾಳಿ ಶುರುವಾಗುವ ಮುನ್ನ ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಸೂಪರ್‌ವೈಸರ್ ನಿಲ್ಲುತ್ತಿದ್ದ, ಕೈಯಲ್ಲಿ ಹತ್ತಿಯ ಉಂಡೆ ಹಿಡಿದು. ಗಂಡಾಳುಗಳೆಲ್ಲ ಮಾರಾಟಕ್ಕೆ ತಂದ ಎತ್ತುಗಳ ಹಾಗೆ ಗದ್ದ ಎತ್ತಿ ಸಾಲಾಗಿ ನಿಲ್ಲಬೇಕು. ಆತ ಕಿವಿಯ ಕೆಳಗಿನಿಂದ ಗದ್ದದವರೆಗೆ, ಗದ್ದದಿಂದ ಕುತ್ತಿಗೆಯವರೆಗೆ ಹತ್ತಿ ಸವರುತ್ತಾನೆ. ಒಂದೇ ಒಂದು ಎಳೆ ಅಂಟಿಕೊಂಡರೂ ಅರ್ಧ ದಿನ ಹೋಯಿತು. ಹಿಡಿದ ದುಡ್ಡು ಎಲ್ಲಿಗೆ ಹೋಗುತ್ತದೆಂದು ಕೇಳಬೇಕಾದ ಬಾಯಿಗಳೆಲ್ಲ ಆ ಹೊತ್ತಿನಲ್ಲಿ ಸೂರು ನೋಡುತ್ತ ನಿಂತಿರುತ್ತಿದ್ದುದರಿಂದ ಯಾರೂ ಕೇಳಿರಲಿಲ್ಲ. ಬೆನ್ನ ಹಿಂದೆ ಅವನಿಗೆ ಹತ್ತಿಯಪ್ಪ ಎಂದು ಹೆಸರಿಟ್ಟು, ಅಷ್ಟಕ್ಕೇ ಸೇಡು ತೀರಿತೆಂದು ಸಮಾಧಾನಪಟ್ಟುಕೊಂಡಿದ್ದರು.

ಬಾಗಿಲು ಕಾಯುವವನಿಗೆ ಇಟ್ಟ ಹೆಸರು ಗೂಟ. ದಿನವಿಡೀ ನಿಂತಲ್ಲೇ ನಿಲ್ಲುವವನಿಗೆ ಇನ್ನೇನು ಹೆಸರು ಹೊಂದೀತು? ಗೂಟನ ಗಡ್ಡ ಗುಂಗುರು. ಬುಡಕ್ಕೆ ಕತ್ತರಿಸಿದರೆ ಕೂದಲು ಚರ್ಮದೊಳಗೇ ಮುದುರಿಕೊಂಡು ಗುಳ್ಳೆಯಾಗಿ ಏಳುತ್ತಿತ್ತು. ಹತ್ತಿ ಅಂಟುತ್ತಿದ್ದುದು ಆ ಗುಳ್ಳೆಗಳಿಗೆ.

"ಐದು ಬ್ಲೇಡಿನದು ತಗೊಳ್ಳಯ್ಯಾ" ಎಂದ ಹತ್ತಿಯಪ್ಪ. "ನೋಡು ನನ್ನ ಮುಖ. ಗಾಜು."

"ಸಾರ್, ಅದರ ಒಂದು ತಲೆ ಕೊಳ್ಳೋ ದುಡ್ಡಲ್ಲಿ ನನ್ನ ತಲೆಗೆ ಆರು ತಿಂಗಳ ಎಣ್ಣೆ ಬರುತ್ತೆ."

"ಹಾಗಾದ್ರೆ ಎಣ್ಣೆ ಹಚ್ಕೊಂಡು ಮನೇಲಿರು. ಇನ್ನೊಂದು ಸಲ ನಿನ್ನ ಗಡ್ಡಕ್ಕೆ ಹತ್ತಿ ಅಂಟಿದ್ರೆ ಆ ಬಾಗಿಲನ್ನ ನೀನು ನಿನಗೋಸ್ಕರಾನೇ ತೆಗೀಬೇಕಾಗುತ್ತೆ. ಹೊರಗೆ ಹೋಗೋದಕ್ಕೆ."

ಹೀಗೆ ಗೂಟನ ಕೆಲಸ ಒಂದು ಕೂದಲಿಗೆ ಜೋತುಬಿತ್ತು.

ಮನೆಯೆಂದರೆ ಒಂದು ಕೋಣೆ, ಪರದೆಯಾಚೆ ಅಡುಗೆಯ ಜಾಗ, ಕಿಟಕಿಯ ಬಳಿ ಅತ್ತೆಯ ಹೊಲಿಗೆ ಮಿಷನ್ನು. ಅತ್ತೆ ಅಂಗಡಿಗಳ ಅಂಗಿಗೆ ಕಾಜಾ ಹೊಲಿಯುವವಳು. ಗಂಡ ಹಾಸಿಗೆ ಹಿಡಿದ ಮೇಲೆ ಆತ ಸಾಯುವ ತನಕ ಅವನಿಗೆ ದಿನಾ ಶೇವ್ ಮಾಡಿದವಳು ಅವಳೇ. ಅಳಿಯ ಒಳಗೆ ಬರುತ್ತಲೇ ಕನ್ನಡಕದ ಮೇಲಿಂದ ನೋಡಿದಳು.

"ಏನು ಅಳಿಯಂದ್ರೇ, ಮುಖ ಸುಟ್ಟ ಬದನೆಕಾಯಿ ಆಗಿದೆ?"

ಗೂಟ ಎಲ್ಲವನ್ನೂ ಹೇಳಿದ. ಅತ್ತೆ ಅವನ ರೇಜರ್ ತರಿಸಿ ಬೆಳಕಿಗೆ ಹಿಡಿದಳು. ಯಾವ ಕಾಲದಲ್ಲೋ ಕೊಂಡದ್ದು. ಮೂರು ಬ್ಲೇಡುಗಳ ಸಂದಿಯಲ್ಲಿ ಒಣಗಿದ ಸೋಪು, ಗಡ್ಡದ ಚೂರು.

"ಇದರಲ್ಲಿ ಗಡ್ಡ ತೆಗೆದ್ರೋ, ತಳ ಹತ್ತಿದ ಪಾತ್ರೆ ಉಜ್ಜಿದ್ರೋ?"

"ಐದು ಬ್ಲೇಡಿಂದು ತಗೋ ಅಂತಾರೆ ಅತ್ತೆ."

"ಐದು ಯಾಕೆ? ಮೊದಲನೇದು ಕೂದಲು ಎಳೆಯುತ್ತೆ, ಎರಡನೇದು ಕುಯ್ಯುತ್ತೆ. ಉಳಿದ ಮೂರು ನಿಮ್ಮ ಸೂಪರ್‌ವೈಸರ್ ಥರ, ಕೆಲಸ ಆದ ಮೇಲೆ ಸುಮ್ಮನೆ ಮೇಲೆ ಓಡಾಡುತ್ತೆ. ಮೂರಕ್ಕೇ ನಿಮ್ಮ ಚರ್ಮ ಹೀಗೆ ಕೂಗಾಡ್ತಿದೆ. ಒಂದೇ ಬ್ಲೇಡ್ ಸಾಕು. ಹಳೇ ಥರದ್ದು, ಎರಡು ಕಡೆ ಬಾಯಿರೋ ಬ್ಲೇಡ್ ಹಾಕೋ ಗಟ್ಟಿ ರೇಜರ್."

"ಮಾವನವರದು ಇದೆಯಾ?"

"ಮಾರಿಬಿಟ್ಟೆ. ಮಿಷನ್ನಿಗೆ ಬೆಲ್ಟ್ ಬೇಕಿತ್ತು. ಸತ್ತವರಿಗೆ ಗಡ್ಡ ಯಾಕೆ?"

"ಅಮ್ಮಾ!" ಎಂದಳು ಗೂಟನ ಹೆಂಡತಿ, ಪರದೆಯಾಚೆಯಿಂದ.

"ಏನಮ್ಮಾ? ಇದ್ದಾಗ ದಿನಾ ತೆಗೆದಿದ್ದೀನಲ್ಲ."

ಅಂದೇ ಸಂಜೆ ಗೂಟ ಗುಜರಿ ಬೀದಿಗೆ ಹೋದ. ತುಕ್ಕು ಹಿಡಿದ ನಲ್ಲಿ, ಬೀಗವಿಲ್ಲದ ಕೀಲಿಕೈ, ಒಂಟಿ ಚಮಚಗಳ ನಡುವೆ ಒಂದು ತಟ್ಟೆ ತುಂಬ ರೇಜರುಗಳಿದ್ದವು. ಅತ್ತೆ ಹೇಳಿಕೊಟ್ಟಂತೆ ಒಂದೊಂದನ್ನೂ ಬಿಚ್ಚಿ ನೋಡಿದ: ಹಿಡಿಯ ತಿರುಪು ಗಟ್ಟಿಯಾಗಿ ಕೂರುತ್ತದೆಯೇ, ತಲೆಯ ಅಂಚು ಸೊಟ್ಟಗಾಗಿದೆಯೇ, ಬ್ಲೇಡ್ ಹಾಕಿದರೆ ಎರಡೂ ಪಕ್ಕ ಒಂದೇ ಸಮ ಇಣುಕುತ್ತದೆಯೇ. ಮೂರು ತುಂಡಾಗಿ ಬಿಚ್ಚುವ ಒಂದು ಸಿಕ್ಕಿತು. ಮೆರುಗು ಹೋಗಿತ್ತು, ಮೈ ಗಟ್ಟಿಯಾಗಿತ್ತು.

"ಅದು ಯಾರೋ ದೊಡ್ಡ ಮನುಷ್ಯರದು" ಎಂದ ಗುಜರಿಯವನು, ಬೆಲೆ ಏರಿಸಲು.

"ಹೌದಪ್ಪಾ, ಅವರ ಗಡ್ಡಾನೂ ಇನ್ನೂ ಇದರಲ್ಲೇ ಇದೆ. ಅದರ ದುಡ್ಡು ಬಿಟ್ಟು ಹೇಳು."

ಬ್ರಶ್ಶು, ಸೋಪಿನ ಕಡ್ಡಿ, ಪಟಿಕದ ಕಲ್ಲು, ಅಂಗಡಿಯಲ್ಲಿದ್ದ ಬ್ಲೇಡುಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ಕೊಂಡ. ಎಲ್ಲ ಸೇರಿಸಿದರೂ ಹತ್ತಿಯಪ್ಪನ ಐದು ಬ್ಲೇಡಿನ ಒಂದು ತಲೆಗೆ ಸಮನಾಗಲಿಲ್ಲ.

"ಯಾಕೆ ಒಂದೊಂದು ಥರದ್ದು?" ಎಂದು ಹೆಂಡತಿ ಕೇಳಿದಳು.

"ಯಾವ ಬ್ಲೇಡು ಯಾವ ಮುಖಕ್ಕೆ ಒಗ್ಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ" ಎಂದಳು ಅತ್ತೆ. "ಮದುವೆ ಥರ. ಬ್ಲೇಡಾದ್ರೆ ಬದಲಾಯಿಸಬಹುದು."

"ನಾನು ಇಲ್ಲೇ ಇದ್ದೀನಿ, ಕೇಳಿಸ್ತಿದೆ" ಎಂದ ಗೂಟ.

"ಕೇಳಿಸಲಿ ಅಂತಲೇ ಹೇಳಿದ್ದು."

ರೇಜರನ್ನು ಬಿಸಿನೀರಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ದೊಡ್ಡ ಮನುಷ್ಯರ ಗಡ್ಡವನ್ನು ಚರಂಡಿಗೆ ಕಳಿಸಿದ ಮೇಲೆ ಅತ್ತೆ, "ಬೆಳಿಗ್ಗೆ ನಾನು ಎದ್ದ ಮೇಲೆ ಶುರು ಮಾಡಿ, ತೋರಿಸಿಕೊಡ್ತೀನಿ" ಎಂದಳು. ಗೂಟ ಕಾಯಲಿಲ್ಲ. ಗಡ್ಡ ಹುಟ್ಟಿದಾಗಿನಿಂದ ಶೇವ್ ಮಾಡಿಕೊಳ್ಳುತ್ತಿರುವ ಗಂಡಸು, ಹೆಂಗಸಿನಿಂದ ಕಲಿಯುವುದೇನಿದೆ ಎಂದುಕೊಂಡ. ಅವಳು ಏಳುವ ಮುಂಚೆ ಕನ್ನಡಿಯ ಮುಂದೆ ನಿಂತು, ಹಳೆಯ ರೇಜರನ್ನು ಒತ್ತುತ್ತಿದ್ದ ಹಾಗೇ ಒತ್ತಿ ಎಳೆದ.

ಅತ್ತೆ ಎದ್ದಾಗ ಅಳಿಯನ ಮುಖದ ತುಂಬ ದಿನಪತ್ರಿಕೆಯ ಚೂರುಗಳು ರಕ್ತಕ್ಕೆ ಅಂಟಿಕೊಂಡಿದ್ದವು. "ಸುದ್ದಿ ಏನಿದೆ?" ಎಂದಷ್ಟೇ ಕೇಳಿದಳು.

ಆ ದಿನದ ಸಾಲಿನಲ್ಲಿ ಹತ್ತಿ ಗೂಟನ ಕೆನ್ನೆಯ ಮೇಲೆ ಸಾಗಿ, ಗದ್ದ ದಾಟಿ, ಒಣಗಿದ ಗಾಯವೊಂದರ ಮೇಲೆ ನಿಂತಿತು. ಎಳೆ ಅಂಟಿತು. ಹತ್ತಿಯಪ್ಪನ ಮುಖ ಅರಳಿತು.

"ಮುಗೀತು ನಿನ್ನ ಕಥೆ. ಕೋಟು ಬಿಚ್ಚು."

ಗೂಟನ ಕೈ ಕೋಟಿನ ಗುಂಡಿಗೆ ಹೋಯಿತು. ಬಾಯಿ ಮಾತ್ರ ತನ್ನಷ್ಟಕ್ಕೆ ತಾನೇ ಮಾತಾಡಿತು. "ಸಾರ್, ಕೂದಲಿಗಲ್ಲ ಅದು ಅಂಟಿದ್ದು. ರಕ್ತಕ್ಕೆ."

"ಏನಾದ್ರೇನು?"

"ಗಡ್ಡಕ್ಕೆ ಅಂಟಿದ್ರೆ ಅಂತ ತಾನೇ ನೀವು ಹೇಳಿದ್ದು? ಇದರಲ್ಲಿ ಗಡ್ಡ ಎಲ್ಲಿದೆ, ತೋರಿಸಿ."

ಹಿಂದಿನಿಂದ ಲಿಫ್ಟ್ ನಡೆಸುವ ಮುದುಕ ಕೆಮ್ಮಿದ. ಅದು ನಗು. ಹತ್ತಿಯಪ್ಪ ಉಗುರಿನಿಂದ ಕೆರೆದು ನೋಡಿದ, ಕೂದಲು ಸಿಗಲಿಲ್ಲ. ಮ್ಯಾನೇಜರನ ಕೋಣೆಗೆ ಹೋಗಿ ಬಂದ. ರಕ್ತದ ಬಗ್ಗೆ ಹೋಟೆಲಿನಲ್ಲಿ ನಿಯಮವಿರಲಿಲ್ಲ. ಇಷ್ಟು ವರ್ಷ ಎಷ್ಟೋ ಜನ ರಕ್ತ ಸುರಿಸಿ ದುಡಿದಿದ್ದರೂ ಅದಕ್ಕೊಂದು ನಿಯಮ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅತಿಥಿಗಳು ಹೆದರಬಾರದೆಂದು ಗೂಟನನ್ನು ಆ ದಿನ ಹಿಂದಿನ ಬಾಗಿಲಿಗೆ, ಕಸದ ಡಬ್ಬಗಳ ಪಕ್ಕಕ್ಕೆ ಅಟ್ಟಿದರು. ಕೆಲಸ ಉಳಿಯಿತು, ಒಂದು ದಿನದ ಮಟ್ಟಿಗೆ.

ಆ ಸಂಜೆ ಗೂಟ ಅತ್ತೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತ.

"ಈಗ ಬುದ್ಧಿ ಬಂತಾ?"

"ಬಂತು ಅತ್ತೆ."

"ಮೊದಲು ಬ್ಲೇಡಿನ ಮಾತು ಬಿಡಿ. ಬೆರಳಿಂದ ಸವರಿಕೊಂಡು ನೋಡಿ, ಕೂದಲು ಯಾವ ಕಡೆ ಮಲಗಿದೆ? ಕೆನ್ನೆ ಮೇಲೆ ಕೆಳಮುಖ. ಕುತ್ತಿಗೆ ಹತ್ರ ನೋಡಿ, ಅಡ್ಡಡ್ಡ. ಇಲ್ಲೊಂದು ಸುಳಿ. ಮೊದಲ ಸುತ್ತು ಅದು ಮಲಗಿದ ಕಡೆಗೇ ಹೋಗಬೇಕು. ನಿದ್ದೆ ಮಾಡೋರನ್ನ ಜುಟ್ಟು ಹಿಡಿದು ಎಬ್ಬಿಸಬಾರದು."

ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಅವನ ಮುಖಕ್ಕೆ ಒತ್ತಿದಳು. ಹಿಡಿ ಮುರಿದ ಲೋಟದಲ್ಲಿ ಬ್ರಶ್ಶು ತಿರುಗಿಸಿ, ನೊರೆ ಮೊಸರಿನಷ್ಟು ದಪ್ಪವಾಗುವ ತನಕ ಕಲಸಿದಳು. ಆಮೇಲೆ ರೇಜರಿನ ತಲೆಯನ್ನು ಕೆನ್ನೆಗೆ ಆನಿಸಿ, ಹಿಡಿಯನ್ನು ನಿಧಾನವಾಗಿ ಕೆಳಗಿಳಿಸಿದಳು. ಬ್ಲೇಡ್ ಕೂದಲಿಗೆ ತಾಗುವ ಸದ್ದು ಬಂದ ಕೂಡಲೇ ಕೈ ನಿಂತಿತು.

"ಇಷ್ಟೇ ಓರೆ. ಈಗ ಚಿಕ್ಕ ಚಿಕ್ಕದಾಗಿ ಎಳೀರಿ. ಒತ್ತಬೇಡಿ. ರೇಜರಿಗೆ ತನ್ನದೇ ಭಾರ ಇದೆ, ಅದರ ಜೊತೆ ನಿಮ್ಮ ಕೋಪಾನೂ ಯಾಕೆ ಸೇರಿಸ್ತೀರಿ? ಕೋಪ ಇರೋದು ಹತ್ತಿಯಪ್ಪನ ಮೇಲೆ, ಕುಯ್ಯಿಸಿಕೊಳ್ಳೋದು ನಿಮ್ಮ ಕೆನ್ನೆ."

ಮುಗಿದ ಮೇಲೆ ತಣ್ಣೀರು, ಪಟಿಕ. ಉರಿಯಲಿಲ್ಲ. ಹೆಂಡತಿ ಪರದೆ ಸರಿಸಿ ಬಂದು ಅಂಗೈಯಿಂದ ಮುಟ್ಟಿ ನೋಡಿದಳು. ಮತ್ತೆ ಮುಟ್ಟಿದಳು.

"ಸಾಕು ಬಿಡಮ್ಮ, ಸವೆದು ಹೋಗುತ್ತೆ" ಎಂದಳು ಅತ್ತೆ.

ಗುಳ್ಳೆಗಳು ಒಂದೊಂದಾಗಿ ಇಳಿದವು. ಹತ್ತಿಯಪ್ಪನ ಹತ್ತಿ ಗೂಟನ ಕೆನ್ನೆಯ ಮೇಲೆ ಮಂಜುಗಡ್ಡೆಯ ಮೇಲೆ ಜಾರಿದಂತೆ ಜಾರತೊಡಗಿತು. ಆತ ಒಂದು ಸಲ ಸವರಿ, ನಂಬಿಕೆ ಬಾರದೆ ಇನ್ನೊಂದು ಸಲ ಸವರಿ, ಹತ್ತಿಯನ್ನೇ ಅನುಮಾನದಿಂದ ನೋಡುತ್ತಿದ್ದ.

ಮೊದಲು ಲಿಫ್ಟಿನ ಮುದುಕ ಬಂದ. "ಏನೋ ಗೂಟ, ಯಾವ ಮಂತ್ರ ಹಾಕಿಸಿಕೊಂಡೆ? ನನಗೂ ಹೇಳೋ. ಪ್ರತಿ ತಿಂಗಳೂ ನನ್ನ ಕುತ್ತಿಗೆ ಹೋಟೆಲಿಗೆ ಸಾಲ ಕೊಡ್ತಿದೆ." ಪಾಳಿಗೆ ಮುಂಚೆ ಆಳುಗಳ ಬಚ್ಚಲಿನಲ್ಲಿ ಗೂಟ ಅವನ ಮುಖದ ಮೇಲೆ ಬೆರಳಾಡಿಸಿ ಕೂದಲು ಮಲಗಿದ ದಿಕ್ಕು ತೋರಿಸಿದ. ಮುದುಕನ ಎಡ ದವಡೆಯ ಅಡಿಯಲ್ಲಿ ಒಂದು ಹಟಮಾರಿ ಸುಳಿ ಇತ್ತು. ಎತ್ತ ಎಳೆದರೂ ಅಲ್ಲಿ ನಾಲ್ಕು ಬಿಳಿ ಕೂದಲು ಉಳಿದೇ ಉಳಿಯುತ್ತಿದ್ದವು. ಆಮೇಲೆ ಸಾಮಾನು ಹೊರುವವರು ಬಂದರು, ಪಾತ್ರೆ ತೊಳೆಯುವವರು ಬಂದರು. ಗುಜರಿ ಬೀದಿಯ ತಟ್ಟೆ ಖಾಲಿಯಾಯಿತು. ಬಚ್ಚಲಲ್ಲಿ ನೊರೆ ಹಾರಿತು, ಬೈಗುಳ ಹಾರಿತು, ಅತ್ತೆಯ ಮಾತುಗಳು ಅವಳು ಕಾಲಿಡದ ಹೋಟೆಲಿನಲ್ಲಿ ಬಾಯಿಂದ ಬಾಯಿಗೆ ಓಡಾಡಿದವು. "ಕೋಪ ಸೇರಿಸಬೇಡ್ವೋ!" ಎಂದು ಒಬ್ಬರಿಗೊಬ್ಬರು ಕೂಗುತ್ತಿದ್ದರು. ಯಾರ ಗಡ್ಡ ಎಲ್ಲಿ ಅಡಗುತ್ತದೆ, ಯಾರ ಸುಳಿ ಎಲ್ಲಿದೆ ಎಂಬುದೆಲ್ಲ ಗೂಟನ ಬೆರಳಿಗೆ ಬಾಯಿಪಾಠವಾಯಿತು.

ಸಂಬಳ ಹಿಡಿಯುವುದು ಹೆಚ್ಚುಕಡಿಮೆ ನಿಂತೇಹೋಯಿತು. ಸುಳಿ ಇದ್ದವರು ಕೂಡ ಹತ್ತಿಯಪ್ಪನಿಗೆ ಸುಳಿ ಎಲ್ಲಿದೆಯೆಂದು ತಿಳಿಯದ್ದರಿಂದ ಪಾರಾದರು. ಆಳುಗಳ ಮುಖ ನೆಲದಷ್ಟೇ ನುಣುಪಾದರೆ ಮ್ಯಾನೇಜರ್ ಸಂತೋಷಪಡಬೇಕಿತ್ತು. ಆತ ಹಲ್ಲು ಕಡಿದ. ಹತ್ತಿಯಪ್ಪನನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿ, ಗೂಟನನ್ನು ತನ್ನ ಕೋಣೆಗೆ ಕರೆಸಿದ.

"ಎಲ್ಲರಿಗೂ ನೀನೇ ಕಲಿಸಿದ್ದಂತೆ. ಜಾಣ. ನಾಳೆಯಿಂದ ಹತ್ತಿ ನಿನ್ನ ಕೈಗೆ. ಯಾರ ಮುಖದಲ್ಲಿ ಎಲ್ಲಿ ಸವರಬೇಕು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಮೇಲೆ ದಿನವಿಡೀ ಕೂತಿರಬಹುದು. ಕುರ್ಚಿ ಕೊಡ್ತೀನಿ."

ಗೂಟ ಮನೆಗೆ ಹೋಗಿ ಹೇಳಿದ. ಹೆಂಡತಿ ಅವನ ಊದಿದ ಕಾಲುಗಳನ್ನು ನೋಡಿದಳು. "ಕುರ್ಚಿ ಅಂದ್ರೆ ಕೂರೋ ಕುರ್ಚೀನಾ? ಒಪ್ಕೊಳ್ರೀ. ರಾತ್ರಿಯೆಲ್ಲ ನರಳೋದು ತಪ್ಪುತ್ತೆ."

ಅವನು ಅತ್ತೆಯ ಕಡೆ ತಿರುಗಿದ.

"ನನ್ನನ್ನೇನು ನೋಡ್ತೀರಿ? ಕುರ್ಚಿ ಒಳ್ಳೇದೇ. ನಾನೂ ಕೂತೇ ಹೊಲಿಯೋದು." ಸೂಜಿಗೆ ದಾರ ಪೋಣಿಸತೊಡಗಿದಳು.

ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಗೂಟ ನಿಂತ. ಪಕ್ಕದಲ್ಲಿ ಮ್ಯಾನೇಜರ್, ಕಾಫಿಯ ಲೋಟ ಹಿಡಿದು. ಸಾಲು ಮುಂದೆ ಬಂತು. ಗೂಟನ ಕೈಯಲ್ಲಿ ಹತ್ತಿ ಕಂಡು ಗುಸುಗುಸು ನಿಂತಿತು. ಎಲ್ಲರಿಗಿಂತ ಮುಂದೆ ಲಿಫ್ಟಿನ ಮುದುಕ. ಅಭ್ಯಾಸಬಲದಿಂದ ಗದ್ದ ಎತ್ತಿದ, ಗೂಟನ ಕಣ್ಣು ನೋಡಿದ, ತಟ್ಟನೆ ಎಡ ದವಡೆಯನ್ನು ಭುಜದತ್ತ ವಾಲಿಸಿಕೊಂಡ.

"ಗೂಟ" ಎಂದ ತುಟಿ ಅಲುಗಿಸದೆ, "ಎಡಗಡೆ ಬೇಡ ಕಣೋ."

ಗೂಟನ ಬೆರಳುಗಳಿಗೆ ಆ ನಾಲ್ಕು ಕೂದಲು ಕಣ್ಣು ಮುಚ್ಚಿದರೂ ಸಿಗುತ್ತಿದ್ದವು. ಹತ್ತಿಯಪ್ಪ ವರ್ಷಗಟ್ಟಲೆ ಹುಡುಕಿದರೂ ಕಾಣದ ಜಾಗ. ಮುದುಕನ ಹಿಂದೆ ನಿಂತವನದು ಮೂಗಿನ ಪಕ್ಕ, ಅವನ ಹಿಂದಿನವನದು ಗಂಟಲಿನ ಗುಣಿ. ಇಡೀ ಸಾಲು ಅವನಿಗೆ ಗೊತ್ತಿತ್ತು. ಹತ್ತಿಯನ್ನು ಅಲ್ಲಲ್ಲೇ ಇಟ್ಟರೆ ಸಾಕಿತ್ತು.

"ಎಡಗಡೆಯಿಂದ ಶುರು ಮಾಡು" ಎಂದ ಮ್ಯಾನೇಜರ್. ಮುದುಕ ವಾಲಿಕೊಂಡದ್ದನ್ನು ಅವನೂ ನೋಡಿದ್ದ.

ಗೂಟ ಹತ್ತಿ ಹಿಡಿದ ಕೈಯನ್ನು ಕೆಳಗಿಳಿಸಿದ.

"ಏನಯ್ಯಾ, ಕಿವಿ ಕೇಳಿಸಲ್ವಾ? ಸವರು."

"ಕೇಳಿಸ್ತು ಸಾರ್. ಸವರಲ್ಲ."

ಕಾಫಿಯ ಲೋಟ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. "ಕುರ್ಚಿ ಬೇಡ್ವಾ?"

"ಬೇಕು ಸಾರ್, ಕಾಲು ತುಂಬಾ ನೋಯುತ್ತೆ. ಬಾಗಿಲ ಹತ್ರ ಒಂದು ಹಾಕಿಸಿಕೊಡಿ."

"ಸವರದಿದ್ರೆ ಕುರ್ಚೀನೂ ಇಲ್ಲ, ಬಾಗಿಲೂ ಇಲ್ಲ. ಗೊತ್ತಾಯ್ತಾ?"

ಸಾಲಿನಲ್ಲಿದ್ದವರ ಗದ್ದಗಳು ಒಂದೊಂದಾಗಿ ಕೆಳಗಿಳಿದವು. ಎಲ್ಲರೂ ಈಗ ನೆಟ್ಟಗೆ ಮ್ಯಾನೇಜರನ ಮುಖವನ್ನೇ ನೋಡುತ್ತಿದ್ದರು. ಗೂಟ ಹತ್ತಿಯ ಉಂಡೆಯನ್ನು ಅವನ ಮುಂದೆ ಹಿಡಿದ.

"ಗೊತ್ತಾಯ್ತು. ಬೇಕಿದ್ರೆ ನೀವೇ ಸವರಿ ಸಾರ್. ಇವರ ಮುಖಕ್ಕೆ ನಾನು ಇದನ್ನ ತಾಗಿಸಲ್ಲ."