ಗುಳ್ಳೆ ಬಿಡದವನು

ಮಿಷನ್ ಕೆಟ್ಟಿತ್ತು ಎಂದು ಮುತ್ತಯ್ಯ ಎಂಟು ತಿಂಗಳಿಂದ ಹೇಳುತ್ತಲೇ ಇದ್ದ. ಮುಳ್ಳೂರಿನ ಟೀ ಅಂಗಡಿಯಲ್ಲಿ ಹೇಳಿದ, ಕೊಳ್ಳೇಗಾಲದಲ್ಲಿ ಮೀನು ಕೊಳ್ಳುವವರಿಗೆ ಹೇಳಿದ, ಹೊಳೆಯಲ್ಲಿ ಯಾರಾದರೂ ಮುಳುಗಿದಾಗ ಹೆಣ ಎತ್ತಲು ತನ್ನನ್ನು ಕರೆಸುವ ಪೊಲೀಸಿನವರಿಗೂ ಹೇಳಿದ. ಈಗ ಅದನ್ನು ಕಾಗದದ ಮೇಲೆ ಬರೆಸಿ ಸೈನ್ಯಕ್ಕೆ ಕಳಿಸಬೇಕೆಂದು, ಪ್ಲಾಸ್ಟಿಕ್ ಫೈಲನ್ನು ಕಂಕುಳಲ್ಲಿ ಅವುಚಿಕೊಂಡು ಯಳಂದೂರಿನ ಬಸ್ಸು ಹತ್ತಿದ್ದ.

ಮಗ ಶಾಂತರಾಜು ಸೈನ್ಯದ ಇಂಜಿನಿಯರ್ ದಳ ಸೇರಿ, ಅಲ್ಲಿ ಡೈವರ್ ತರಬೇತಿಗೆ ಆಯ್ಕೆಯಾಗಿ, ಸಮುದ್ರದ ಪಕ್ಕದ ಶಾಲೆಯೊಂದಕ್ಕೆ ಹೋಗಿದ್ದವನು. ಆರನೆಯ ವಾರ ನೀರಿನಿಂದ ಮೇಲೆದ್ದವನೇ ಬಾಯಿಂದ ನೊರೆರಕ್ತ ಬಂದು ಕುಸಿದ. ಅಂದಿನಿಂದ ಅವನ ಎಡಗೈ, ಎಡಗಾಲು ಅವನ ಮಾತು ಕೇಳುತ್ತಿಲ್ಲ. ತರಬೇತಿಗೆ ಬಂದವನದೇ ತಪ್ಪು, ಸೇವೆಯಿಂದಾದ ಊನವಲ್ಲ ಎಂದು ವಿಚಾರಣೆಯ ವರದಿ ಹೇಳಿತು. ಅದನ್ನು ತಿರುಗಿಸಿದರೆ ಸೈನ್ಯದ ಆಸ್ಪತ್ರೆ, ಪಿಂಚಣಿ. ತಿರುಗಿಸದಿದ್ದರೆ ಇಪ್ಪತ್ತಮೂರರ ಹುಡುಗನಿಗೆ ಜಗಲಿಯ ಗೋಡೆ. ಮೇಲ್ಮನವಿಗೆ ಇನ್ನು ಹನ್ನೆರಡು ದಿನ ಉಳಿದಿತ್ತು.

ಯಳಂದೂರಿನಲ್ಲಿ ಗುರುಪ್ರಕಾಶ್ ಮನೆ. ಪಿಯುಸಿಯಲ್ಲಿ ಶಾಂತರಾಜುವಿಗೆ ಫಿಸಿಕ್ಸ್ ಹೇಳಿಕೊಟ್ಟ ಮೇಷ್ಟ್ರು.

"ಬರೀರಿ ಸಾ, ಮಿಷನ್ ಕೆಟ್ಟಿತ್ತು ಅಂತ. ಗಾಳಿ ಬರ್ನಿಲ್ಲ, ಕೂಸು ಉಸ್ರುಕಟ್ಕತು. ಅಷ್ಟೇಯ."

"ಮೊದಲು ಓದ್ತೀನಿ ಇರಿ, ಮುತ್ತಯ್ಯನವ್ರೇ. ಓದದೆ ಹೇಗೆ ಬರೆಯೋದು?"

ಮೇಷ್ಟ್ರು ಪೆನ್ಸಿಲ್ ಹಿಡಿದು ಹದಿನಾಲ್ಕು ಪುಟವನ್ನು ಎರಡು ಸಲ ಓದಿದರು. ಅವರ ಹೆಂಡತಿ ತಂದಿಟ್ಟ ಕಾಫಿ ಕೆನೆಗಟ್ಟಿತು. ಮುತ್ತಯ್ಯ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತ.

"ಮಿಷನ್ ಕೆಟ್ಟಿರ್ಲಿಲ್ಲ," ಎಂದರು ಮೇಷ್ಟ್ರು. "ಸಿಲಿಂಡರ್, ಬಾಯಿಗಿಡೋ ಕೊಳವೆ ಎರಡನ್ನೂ ಆಮೇಲೆ ಬೇರೆಯವರು ಹಾಕ್ಕೊಂಡು ಮುಳುಗಿ ನೋಡಿದಾರೆ. ಅವತ್ತಿನ ಪಾಠವೇ ಬೇರೆ. ಹತ್ತು ಮೀಟರ್ ಆಳದಲ್ಲಿ, ಕಲಿಸೋ ಉಸ್ತಾದ್ ಬಂದು ಆ ಕೊಳವೆ ಕಿತ್ತುಕೋತಾನೆ. ಹೆದರದೆ, ಎದೆಯಲ್ಲಿರೋ ಗಾಳೀನ ಸ್ವಲ್ಪಸ್ವಲ್ಪವೇ ಬಿಡ್ತಾ ನಿಧಾನಕ್ಕೆ ಮೇಲೆ ಬರಬೇಕು. ಇವನು ಬಿಡಲೇ ಇಲ್ಲ. ಒಂದು ಗುಳ್ಳೆ ಕೂಡ ಬರ್ಲಿಲ್ಲ ಅಂತ ದೋಣಿಯಲ್ಲಿದ್ದ ಇಬ್ಬರು ಹೇಳಿಕೆ ಕೊಟ್ಟಿದಾರೆ."

ಮುತ್ತಯ್ಯನ ಮುಖ ಅರಳಿತು.

"ಬರಕಿಲ್ಲ ಸಾ. ನನ್ ಮಗ ಗುಳ್ಳೆ ಬುಡೋನಲ್ಲ."

ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು. ಮುತ್ತಯ್ಯ ಹುರುಪಿನಿಂದಲೇ ಹೇಳಿದ. ಅವನಪ್ಪ ಅವನಿಗೆ, ಅವನು ಮಗನಿಗೆ ಕಲಿಸಿದ ವಿದ್ಯೆ ಅದು. ಆರು ವರ್ಷದ ಶಾಂತರಾಜುವಿನ ಸೊಂಟಕ್ಕೆ ಕಲ್ಲು ಕಟ್ಟಿ ಮಡುವಿಗೆ ಇಳಿಸಿ, ತಾನು ತೆಪ್ಪದಲ್ಲಿ ಕೂತು ನೀರಿನ ಮೇಲ್ಮೈ ನೋಡುತ್ತಿದ್ದ. ಒಂದು ಗುಳ್ಳೆ ಎದ್ದರೂ ಲೆಕ್ಕಕ್ಕಿಲ್ಲ, ಮತ್ತೆ ಇಳಿಯಬೇಕು. ನೀರೊಳಗೆ ಬಿಟ್ಟ ಉಸಿರು ಮತ್ತೆ ಸಿಗುವುದಿಲ್ಲ. ಹೆಣದ ಬಟ್ಟೆ ಕಲ್ಲಿಗೆ ಸಿಕ್ಕಿಕೊಂಡಾಗ ಬಿಡಿಸುವುದಕ್ಕೆ ಉಳಿಯುವುದು ಆ ಒಂದು ಉಸಿರೇ. ಹದಿನೈದಕ್ಕೆ ಹುಡುಗ ಅಪ್ಪನನ್ನು ಮೀರಿಸಿದ. ಆ ದಿನ ಮುತ್ತಯ್ಯ ದಡದಲ್ಲಿದ್ದವರಿಗೆಲ್ಲ ಟೀ ಕುಡಿಸಿದ್ದ.

"ನಿಮ್ಮ ಮಡುವಿಗೆ ಅದು ಸರಿ," ಎಂದರು ಮೇಷ್ಟ್ರು. ಮೇಲೆ ಎಳೆದುಕೊಂಡ ಗಾಳಿ ಕೆಳಗೆ ಹೋದಾಗ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಎದೆಗೆ ಏನೂ ಆಗದು. ಆದರೆ ಆ ಸಿಲಿಂಡರ್, ಆಳದಲ್ಲಿ ನೀರು ಎಷ್ಟು ಒತ್ತುತ್ತದೋ ಅಷ್ಟೇ ಒತ್ತಿ ಗಾಳಿ ಕೊಡುತ್ತದೆ. ಹತ್ತು ಮೀಟರಿನಲ್ಲಿ ತುಂಬಿಕೊಂಡ ಒಂದೆದೆ ಗಾಳಿ ಮೇಲೆ ಬರುವಷ್ಟರಲ್ಲಿ ಎರಡೆದೆಯಷ್ಟಾಗುತ್ತದೆ.

"ಬಿಡದೆ ಹಿಡಿದುಕೊಂಡರೆ..." ಎಂದು ಮೇಷ್ಟ್ರು ಮಾತು ಹುಡುಕಿದರು.

"ಗೊತ್ತಾಯ್ತು ಸಾ." ಮುತ್ತಯ್ಯನ ದನಿ ಇಳಿದಿತ್ತು. "ಆಳದ್ ಮೀನ ಬಿರ್‍ರನೆ ಎಳುದ್ರ ಹೊಟ್ಟೆ ಊದ್ಕಂಡು ಕರುಳು ಬಾಯ್ಗ್ ಬತ್ತದ. ಅಂಗೇ ತಾನೆ?"

ಮೇಷ್ಟ್ರು ತಲೆ ತಗ್ಗಿಸಿದರು. ಹಾಗೇ. ಹರಿದ ಶ್ವಾಸಕೋಶದಿಂದ ಗಾಳಿಯ ಗುಳ್ಳೆ ರಕ್ತಕ್ಕೆ ನುಗ್ಗಿ ಮಿದುಳಿಗೆ ಹೋಗಿತ್ತು.

ಮುತ್ತಯ್ಯ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದ. ಮೇಷ್ಟ್ರು ಕೂರಿಸಿದರು. ಪೆನ್ಸಿಲ್ ಗೀಟೆಳೆದ ಇನ್ನೆರಡು ಕಡೆ ಇದ್ದವು. ಎರಡನೆಯ ವಾರದ ದಾಖಲೆ: ಉಸಿರು ಹಿಡಿಯುವುದರಲ್ಲಿ ಅಸಾಧಾರಣ. ನಾಲ್ಕನೆಯ ವಾರ: ಭೇಟಿಗೆ ಬಂದ ಅಧಿಕಾರಿಗಳ ಮುಂದೆ ಕೊಳದ ತಳದಲ್ಲಿ ನಾಲ್ಕು ನಿಮಿಷ ಕೂತು ತೋರಿಸಿದ್ದಕ್ಕೆ ಬಹುಮಾನ.

"ಮೊದಲು ಬಿಡಿಸಬೇಕಾದ ಅಭ್ಯಾಸ ಅದು. ಅವರು ಅದಕ್ಕೆ ಚಪ್ಪಾಳೆ ಹೊಡೆದರು. ಮನವಿ ನಿಂತರೆ ಈ ಮಾತಿನ ಮೇಲೇ ನಿಲ್ಲಬೇಕು. ಆದರೆ ಅಭ್ಯಾಸ ಎಲ್ಲಿಂದ ಬಂತು ಅಂತ ನೀವು ಬರೆದು ಸಹಿ ಹಾಕಬೇಕಾಗುತ್ತೆ."

"ನಾ ಕಲ್ಸಿದ್ದು ಅಂತ."

"ಹೌದು. ನೀವು ಕಲಿಸಿದ್ದು ಅಂತ."

ಬಸ್ಸಿನಲ್ಲಿ ಮಾಂಬಳ್ಳಿ ದಾಟಿದ್ದು ಅವನಿಗೆ ಗೊತ್ತಾಗಲಿಲ್ಲ. ಎಂಟು ತಿಂಗಳು ಬೈದ ಯಂತ್ರ ಕಣ್ಣ ಮುಂದೆ ಬಂತು. ಅದು ಕೇಳಿದವನಿಗೆಲ್ಲ ಗಾಳಿ ಕೊಡುತ್ತಿತ್ತು, ಅಷ್ಟೇ. ಬಿಡಬೇಡ ಎಂದದ್ದು ಅದಲ್ಲ.

ಮನೆಯಲ್ಲಿ ಶಾಂತರಾಜು ಜಗಲಿಯ ಮೇಲೆ ಕೂತು ಆಸ್ಪತ್ರೆಯವರು ಕೊಟ್ಟ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯನ್ನು ಬಲಗೈಯಲ್ಲಿ ಹಿಡಿದು ಕೊಳವೆಯಿಂದ ಉಸಿರೆಳೆಯುತ್ತಿದ್ದ. ಎರಡು ಚೆಂಡು ಎದ್ದವು, ಮೂರನೆಯದು ಅಲ್ಲಾಡಿ ಸುಮ್ಮನಾಯಿತು. ಚಾಮುಂಡಮ್ಮ ಗಂಡನಿಗೆ ನೀರಿನ ಚೊಂಬು ತಂದಿಟ್ಟು, ಅವನ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ನಿಂಗೊತ್ತಿತ್ತೇನ್ಲಾ?" ಎಂದ ಮುತ್ತಯ್ಯ.

ಮಗ ಕೊಳವೆಯನ್ನು ಬಾಯಿಂದ ತೆಗೆದ. "ಗೊತ್ತಿತ್ತು."

"ಯಾವತ್ನಿಂದ?"

"ಕೆಳಗಿದ್ದಾಗಲೇ. ಬುಡು ಬುಡು ಅಂತ ಉಸ್ತಾದ್ ಕೈ ಆಡಿಸ್ತಿದ್ದ. ಬುಡ್ಬೇಕು ಅಂತ ನಂಗೂ ಗೊತ್ತಿತ್ತು, ಪರೀಕ್ಷೇಲೂ ಬರ್ದಿದ್ದೆ. ಬಾಯಿ ತೆಗೀನಿಲ್ಲ ಕಣಪ್ಪ. ನೀ ತೆಪ್ಪದಲ್ ಕೂತು ಮೇಲ್ನಿಂದ ನೋಡ್ತಾ ಇದ್ದಂಗಾಯ್ತು."

ಚಾಮುಂಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ಇಷ್ಟ್ ದಿನ ಮಿಷನ್ ಮಿಷನ್ ಅಂತ ಊರೆಲ್ಲ ಬಾಯ್ ಬಡ್ಕಂಡೆ. ಒಂದ್ ಮಾತ್ ಅನ್ಬಾರ್ದಾಗಿತ್ತಾ? ಈಗ ನಾನೇ ಕಲ್ಸಿದ್ದು ಅಂತ ಬರ್ದು ರುಜು ಆಕ್ಬೇಕಂತಾರ ಮೇಷ್ಟ್ರು."

"ನೀ ಮಿಷನ್ನ ಬಯ್ಕಂಡಾರ ಎರಡು ತುತ್ತು ಉಣ್ತಿದ್ದೆ. ಅದ್ನೂ ಕಿತ್ಕಳನಾ?" ಶಾಂತರಾಜು ಡಬ್ಬಿಯ ಚೆಂಡುಗಳನ್ನೇ ನೋಡುತ್ತಿದ್ದ. "ಆ ಕಾಗ್ದಕ್ ರುಜು ಆಕ್ಬ್ಯಾಡ. ಓದೋರು ನಿನ್ ಹೆಸ್ರು ಬಂದ್ ಜಾಗ್ದಲ್ಲೇ ಓದೋದ್ ನಿಲ್ಲುಸ್ತಾರ."

ಮುತ್ತಯ್ಯ ಕೇಳಲಿಲ್ಲ. ಮರುದಿನವೇ ಯಳಂದೂರಿಗೆ ಹೋಗಿ, ಮೇಷ್ಟ್ರು ಇಂಗ್ಲಿಷಿನಲ್ಲಿ ಬರೆದ ಐದು ಪುಟವನ್ನು ಕನ್ನಡದಲ್ಲಿ ಹೇಳಿಸಿಕೊಂಡು, ಪ್ರತಿ ಪುಟದ ಕೆಳಗೂ ರುಜು ಹಾಕಿದ. ನನ್ನ ಮಗನಿಗೆ ಆರನೆಯ ವಯಸ್ಸಿನಿಂದ ನೀರಿನೊಳಗೆ ಉಸಿರು ಬಿಡಬಾರದೆಂದು ಕಲಿಸಿದವನು ನಾನು: ಅದು ಮೊದಲ ಪುಟ. ಆ ಅಭ್ಯಾಸವನ್ನು ನೋಡಿದವರು, ಮೆಚ್ಚಿದವರು, ಬಹುಮಾನ ಕೊಟ್ಟವರು, ಬಿಡಿಸದೆ ಬಿಟ್ಟವರು ಉಳಿದ ನಾಲ್ಕು ಪುಟಗಳಲ್ಲಿದ್ದರು. ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿದ ರಸೀದಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಟೀ ಅಂಗಡಿಯಲ್ಲಿ ಯಾರೋ "ಏನಾಯ್ತ್ ಮುತ್ತಣ್ಣ, ಮಿಷನ್ನೋರು ಒಪ್ಕಂಡ್ರಾ?" ಎಂದಾಗ, "ಮಿಷನ್ ಚೆನ್ನಾಗಿತ್ತು" ಎಂದು ಟೀ ಕುಡಿಯದೆ ಹೊರಟುಬಂದ. ಆಮೇಲೆ ಆ ಕಡೆ ಹೋಗಲಿಲ್ಲ.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಒಂದೇ ಪುಟ. ಶಾಂತರಾಜು ಬಲಗೈಯಲ್ಲಿ ಹಿಡಿದು ಮೊದಲು ಮನಸ್ಸಿನಲ್ಲೇ ಓದಿಕೊಂಡ. ಮುತ್ತಯ್ಯ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ.

"ಯೋಳ್ಲಾ, ಏನ್ ಬರ್ದವ್ರೆ?"

ಮಗ ಒಂದೊಂದೇ ಸಾಲನ್ನು ಕನ್ನಡಕ್ಕೆ ಇಳಿಸುತ್ತ ಓದಿದ. "ಅರ್ಜಿದಾರರ ತಂದೆಯವರೇ ಲಿಖಿತವಾಗಿ ಒಪ್ಪಿಕೊಂಡಿರುವಂತೆ, ಘಟನೆಗೆ ಕಾರಣವಾದ ಅಭ್ಯಾಸ ಅರ್ಜಿದಾರರಿಗೆ ಸೇವೆಗೆ ಸೇರುವ ಮೊದಲೇ ಇತ್ತು. ಆದ್ದರಿಂದ ಈ ಊನಕ್ಕೂ ಸೇವೆಗೂ ಸಂಬಂಧವಿಲ್ಲ. ಮನವಿಯನ್ನು ತಿರಸ್ಕರಿಸಲಾಗಿದೆ."

"ಆಮೇಲೆ?"

"ಆಮೇಲ್ ರುಜು."

"ಆ ಚಪ್ಪಾಳೆ ಇಚಾರ? ಬಹುಮಾನದ್ದು?"

"ಇಲ್ಲ ಕಣಪ್ಪ. ಮೊದಲ್ನೇ ಪುಟ ಒಂದೇ ಓದವ್ರೆ."

ಶಾಂತರಾಜು ಕಾಗದವನ್ನು ಒಂದೇ ಕೈಯಲ್ಲಿ ಮಡಚಲು ನೋಡಿದ, ಆಗಲಿಲ್ಲ, ಪಕ್ಕಕ್ಕಿಟ್ಟು ಅದರ ಮೇಲೆ ಚೆಂಡಿನ ಡಬ್ಬಿ ಹೇರಿದ. ಮುತ್ತಯ್ಯ ಕೂತಲ್ಲೇ ಕೂತಿದ್ದ. ಅವನ ಎದೆ ಉಬ್ಬಿ ನಿಂತಿತ್ತು, ಕತ್ತಿನ ನರ ಎದ್ದಿತ್ತು. ತುಟಿ ಬಿಗಿದು, ರೆಪ್ಪೆ ಬಡಿಯದೆ, ಮಗನ ಎಡಗೈಯನ್ನು ನೋಡುತ್ತಿದ್ದ. ಎಷ್ಟು ಹೊತ್ತಿನಿಂದ ಹಾಗಿದ್ದನೋ ಅವನಿಗೇ ತಿಳಿದಿರಲಿಲ್ಲ.

"ಉಸ್ರು ಬುಡಪ್ಪ," ಎಂದ ಮಗ. "ಯಾರೂ ನೋಡ್ತಾ ಇಲ್ಲ."