ಗುರುವಾರದ ಊಟ

ಎಣ್ಣೆ ಕಾದಿದೆ, ಕಡಲೆಹಿಟ್ಟು ಬಿದ್ದಿದೆ, ಈಗ ಸೊರ್ರೆಂದು ಉಬ್ಬುತ್ತಿದೆ — ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿದುಹೋಯಿತು, ಮಿರಜ ಸ್ಟ್ಯಾಂಡಿನ ಭಜಿ, ಹಸಿಮೆಣಸಿನಕಾಯಿಯದು, ಮುತ್ತವ್ವನ ಬಾಯಲ್ಲಿ ನೀರು ಬಂತು, ಬಂದದ್ದಕ್ಕೆ ನಾಚಿಕೆಯೂ ಬಂತು, ಇವತ್ತು ಗುರುವಾರ, ದತ್ತನ ವಾರ, ಉಪವಾಸದ ದಿನ ಭಜಿಗೆ ಬಾಯಿಬಿಡುವ ಸೊಸೆಗೆ ದೇವರು ಮಕ್ಕಳನ್ನು ಹೇಗೆ ಕೊಟ್ಟಾನು — ಅಲ್ಲ, ತಡಿ, ಇನ್ನು ಮೇಲೆ ಹಾಗೆ ಅಂದುಕೊಳ್ಳುವ ಹಾಗಿಲ್ಲ, ದವಾಖಾನೆಯ ಡಾಕ್ಟರಬಾಯಿ ಈಗಷ್ಟೇ ಏನು ಹೇಳಿದಳು, ಘಾಬರೂ ನಕೋಸ್, ಹೆದರಬೇಡ, ಗರ್ಭಚೀಲ ಚೆನ್ನಾಗಿದೆ, ನಿನಗೆ ಯಾವ ರೋಗವೂ ಇಲ್ಲ. ಯಾವ ರೋಗವೂ ಇಲ್ಲ. ಎಷ್ಟು ಸಲ ಅಂದುಕೊಂಡರೂ ಮಾತು ಸವೆಯುತ್ತಿಲ್ಲ, ಬಿಸಿಲು ಕೂಡ ಹಿತವಾಗಿದೆ, ಟಾಂಗಾದ ಕುದುರೆ ತಲೆಯಾಡಿಸಿದರೆ ತನಗೇ ಹೂಂ ಅಂದ ಹಾಗೆ ಕಾಣುತ್ತದೆ, ನಗು ಬರುತ್ತದೆ, ಆದರೆ ನಗುವುದು ಹೇಗೆ, ಅತ್ತೆ ಕೆಂಪವ್ವ ಮುಂದೆ ನಡೆಯುತ್ತಿದ್ದಾಳೆ, ಬೆನ್ನು ಸೆಟೆದುಕೊಂಡು, ತಮ್ಮೂರು ಆರಗದಿಂದ ಬರುವಾಗ ಬಸ್ಸಿನ ಕಂಡಕ್ಟರನಿಗೂ ಬಿಡುವು ಕೊಡದೆ ಮಾತಾಡಿದ ಹೆಂಗಸು, ದವಾಖಾನೆಯ ಮೆಟ್ಟಿಲು ಇಳಿದಾಗಿನಿಂದ ಒಂದು ಮಾತಿಲ್ಲ. ಸಿಟ್ಟೋ ಏನೋ ತಿಳಿಯದು.

ಮದುವೆಯಾಗಿ ವರ್ಷ ಕಳೆದರೂ ಬಸಿರಾಗಲಿಲ್ಲವೆಂದು ಗುರುವಾರ ಹಿಡಿಸಿದವಳು ಅತ್ತೆ, ಗುರುವಾರ ಸಾಲಲಿಲ್ಲವೆಂದು ಶನಿವಾರ, ಬೀರೋಬ ಮುನಿಸಿಕೊಂಡಾನೆಂದು ರವಿವಾರ, ನಡುವೆ ಏಕಾದಶಿ, ಚತುರ್ಥಿ, ಅಮಾವಾಸ್ಯೆ — ಕೈಗೆ ಸಿಕ್ಕ ದೇವರಿಗೆಲ್ಲ ಒಂದೊಂದು ದಿನ ಹಂಚಿಕೊಟ್ಟು ಮುತ್ತವ್ವನ ಹೊಟ್ಟೆಗೆ ಉಳಿದದ್ದು ವಾರದಲ್ಲಿ ಮೂರು ನಾಲ್ಕು ದಿನ, ಆ ದಿನಗಳಲ್ಲೂ ಎಲ್ಲರದೂ ಮುಗಿದ ಮೇಲೆ ಬುಟ್ಟಿಯ ತಳದಲ್ಲಿ ಏನಿದ್ದರೆ ಅದು. ಉಪವಾಸವೆಂದರೆ ಕಡಕ ಉಪವಾಸ, ಸಾಬೂದಾಣಿ ಗೀಬೂದಾಣಿ ಇಲ್ಲ, ಬರೀ ಕರಿ ಚಹಾ. ದೂರುವ ಹಾಗೂ ಇಲ್ಲ, ಮೊಮ್ಮಗ ಬೇಕೆಂದು ಅತ್ತೆಯೂ ಜೊತೆಯಲ್ಲೇ ಉಪವಾಸವಿರುತ್ತಿದ್ದಳಲ್ಲ. ಆಮೇಲೆ ಒಂದು ತಿಂಗಳು ಮುಟ್ಟು ಬರಲಿಲ್ಲ, ಮರುತಿಂಗಳೂ ಬರಲಿಲ್ಲ, ಅಬ್ಬಾ ಆಗಿನ ಸಡಗರ, ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿ ಬಂದಳು, ನೋಡ, ದೇವರು ಕಣ್ಣ ತೆರದಾನ, ಉಪಾಸ ಈಗ ಬಿಟ್ಟಗಿಟ್ಟೀಯ, ಅಂದಳು. ಅಮಸಿದ್ದ — ಗಂಡನ ಹೆಸರನ್ನು ಮನಸ್ಸಿನೊಳಗಾದರೂ ಹೇಳಬಹುದಲ್ಲ — ಮಾಲಗಾಂವದ ತೋಟದಿಂದ ದ್ರಾಕ್ಷಿ ತಂದ, ಕೈಗೆ ಕೊಡಲು ನಾಚಿ ಕೊಟ್ಟಿಗೆಯಲ್ಲಿ ಎಮ್ಮೆಗೆ ಹಾಕುವ ಸರಕಿಯ ಬುಟ್ಟಿಯ ಮೇಲಿಟ್ಟು ಹೋದ, ಅರ್ಧ ಎಮ್ಮೆ ತಿಂತು. ಹೊಟ್ಟೆ ಮಾತ್ರ ಬೆನ್ನಿಗೆ ಹತ್ತಿಕೊಂಡೇ ಇತ್ತು. ಸಕ್ಕರೆ ತಿಂದ ಓಣಿಯೇ ಬೆರಳು ಮಡಚಿ ತಿಂಗಳು ಎಣಿಸಿತು, ನೀರಿಗೆ ಹೋದರೆ ಸುಮ್ಮನಾಗುತ್ತಿದ್ದರು, ಬೆನ್ನು ತಿರುಗಿಸಿದರೆ ಶುರು ಮಾಡುತ್ತಿದ್ದರು. ಒಣಗಿಹೋಗಿದ್ದಾಳೆ, ಇಪ್ಪತ್ತೆರಡಕ್ಕೇ ಮುಟ್ಟು ನಿಂತುಹೋದವಳು, ಇನ್ನೆಲ್ಲಿಯ ಮಕ್ಕಳು.

ತವರಿನಿಂದ ಅವ್ವ ಬಂದ ದಿನ ಗೋಡೆಯಾಚೆಯಿಂದ ಕೇಳಿಸಿಕೊಂಡದ್ದು — ಕೇಳಬಾರದಿತ್ತು, ಕಿವಿಗೆ ರೆಪ್ಪೆ ಇಲ್ಲವಲ್ಲ — ಮುತ್ತೀನ್ನ ಕೈ ಬಿಡೂದಿಲ್ರಿ, ಮನೀ ಮಗಳಂಗ ಇರ್ತಾಳ, ಆದ್ರ ತುಳಸೀನ್ನೂ ನಮ್ಮ ಹುಡುಗಗ ಕೊಟ್ಟಬಿಡ್ರಿ, ಅಕ್ಕತಂಗೀದು ಒಂದಽ ಒಲಿ, ಜಗಳಿಲ್ಲ ತಂಟಿಲ್ಲ, ಅಂತ ಅತ್ತೆ. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ, ಅದೇ ಚುಚ್ಚಿತು. ತುಳಸಿ, ತನ್ನ ಸೆರಗು ಹಿಡಿದೇ ನಡೆಯಲು ಕಲಿತ ತಂಗಿ, ಅವಳು ಅದೇ ಬಾಗಿಲಲ್ಲಿ ಅಕ್ಕಿ ಒದ್ದು ಒಳಗೆ ಬರುವುದು, ಅಮಸಿದ್ದ ದ್ರಾಕ್ಷಿಯನ್ನು ಅವಳಿಗಾಗಿ ಇಡುವುದು. ಆವತ್ತಿನಿಂದ ನಿದ್ದೆಯೆಂಬುದು ಹಾರಿಹೋಯಿತು, ಸುಮ್ಮನೆ ಕೂತರೂ ಎದೆ ಢವಢವ, ಅಂಗೈ ಬೇಸಗೆಯಲ್ಲೂ ತಣ್ಣಗೆ, ಬಾಚಿದರೆ ಹಣಿಗೆಯ ತುಂಬ ಕೂದಲು. ಎಂದೂ ಬಾಯಿಬಿಡದ ಅಮಸಿದ್ದ ಒಂದೇ ಒಂದು ಮಾತು ಅಂದ, ಅವ್ವಾ, ಒಮ್ಮಿ ಮಿರಜಿಗೆ ತೋರಿಸಿ ಬಾ. ಅತ್ತೆ ಒಪ್ಪಿದಳು, ಷರತ್ತು ಹಾಕಿದಳು, ಡಾಕ್ಟರೂ ಮಕ್ಕಳಾಗೂದಿಲ್ಲಂದ್ರ ಅಮಾಸಿ ಕಳದ ಮ್ಯಾಲೆ ತುಳಸೀ ಮಾತು ಮುಗಸೂದಽ. ಅಮಾವಾಸ್ಯೆಗೆ ಇನ್ನೆಷ್ಟು ದಿನ, ಬಸ್ಸಿನ ಕಿಟಕಿಗೆ ತಲೆಯಾನಿಸಿ ಅದನ್ನೇ ಯೋಚಿಸುತ್ತ ಬಂದಿದ್ದಳು ಬೆಳಿಗ್ಗೆ.

ಬೆಳಿಗ್ಗೆಯೂ ಹಾಲು ಕರೆದು, ಡೇರಿಗೆ ಹಾಕಿಯೇ ಹೊರಟದ್ದು. ಸಹಕಾರಿ ಡೇರಿ ಊರಿಗೆ ಬಂದಾಗಿನಿಂದ ಮನೆಯಲ್ಲಿ ಹಾಲೆಂಬುದು ಕಣ್ಣಿನಿಂದ ನೋಡುವ ವಸ್ತು, ಎರಡು ಎಮ್ಮೆಯದೂ ಎರಡು ಹೊತ್ತೂ ಕ್ಯಾನಿಗೆ, ಕೆಂಪವ್ವನ ಹಾಲಿಗೆ ಎಷ್ಟು ಫ್ಯಾಟು ಎಂದು ಡೇರಿಯವರು ಕೂಗಿ ಹೇಳಿದರೆ ಅತ್ತೆಗೆ ಅವತ್ತು ಬೇರೆ ಊಟ ಬೇಡ. ಎಮ್ಮೆಗೆ ಸರಕಿ, ಹಿಂಡಿ, ಹಸಿರು ಮೇವು, ಸೊಸೆಗೆ ಕರಿ ಚಹಾ. ಇದನ್ನೆಲ್ಲ ಡಾಕ್ಟರಬಾಯಿ ಕೇಳುತ್ತಾಳೆಂದು ಯಾರಿಗೆ ಗೊತ್ತಿತ್ತು — ರಕ್ತ ತೆಗೆದಳು, ಒಳಗೆಲ್ಲ ನೋಡಿದಳು, ಕಣ್ಣಿನ ರೆಪ್ಪೆ ಎಳೆದು ರಕ್ತ ಕಡಿಮೆ ಅಂದಳು, ಅದೆಲ್ಲ ಸರಿ, ಆಮೇಲೆ ನಿನ್ನೆ ಏನು ಉಂಡೆ ಅಂತ ಕೇಳಿದಳು. ಮೂರು ವರ್ಷದಲ್ಲಿ ಯಾರೂ ಕೇಳದ ಮಾತು. ಅತ್ತೆ ತನ್ನ ಮರಾಠಿಯಲ್ಲಿ ವಾರಗಳನ್ನೆಲ್ಲ ಒಪ್ಪಿಸಿದಳು, ಒಂದೂ ತಪ್ಪಿಸಿಲ್ಲ ಎಂಬ ಹೆಮ್ಮೆಯಿಂದ. ನಿದ್ದೆ ಬರುತ್ತದೆಯೇ ಅಂದಳು ಡಾಕ್ಟರಬಾಯಿ, ಇಲ್ಲ ಅಂದಳು ಮುತ್ತವ್ವ, ಏನು ಚಿಂತೆ ಅಂದದ್ದಕ್ಕೆ ಅತ್ತೆಯ ಮುಖ ನೋಡಿದಳು, ಡಾಕ್ಟರಬಾಯಿಯೂ ಅತ್ತೆಯ ಮುಖ ನೋಡಿದಳು, ಕೇಳುವುದನ್ನು ನಿಲ್ಲಿಸಿದಳು.

ಆಮೇಲೆ ಸಾವಕಾಶ ಹೇಳಿದ್ದು, ಮಗುವಿಗೆ ಹೇಳುವ ಹಾಗೆ — ಮಿದುಳಿನ ಬುಡದಲ್ಲಿ ಒಂದು ಗ್ರಂಥಿ ಇರುತ್ತದೆ, ಅದು ಬಿಡುವ ರಸಕ್ಕೆ ಹಾರ್ಮೋನು ಅನ್ನುತ್ತಾರೆ, ಆ ರಸ ರಕ್ತದಲ್ಲಿ ಇಳಿದು ಹೋದರೆ ತಿಂಗಳ ಕೆಲಸ ನಡೆಯುತ್ತದೆ, ಹೊಟ್ಟೆಗಿಲ್ಲದೆ, ನಿದ್ದೆಯಿಲ್ಲದೆ, ಹಗಲೂ ರಾತ್ರಿ ಹೆದರಿಕೊಂಡಿರುವ ಮೈ ಬರಗಾಲ ಬಂತೆಂದು ತಿಳಿಯುತ್ತದೆ, ತನ್ನ ಜೀವ ಉಳಿಸಿಕೊಂಡರೆ ಸಾಕು, ಇನ್ನೊಂದು ಜೀವ ಈಗ ಬೇಡ ಎಂದು ಆ ರಸವನ್ನೇ ತಡೆಯುತ್ತದೆ. ನಿಂತದ್ದು ಸತ್ತಿಲ್ಲ, ಕಾಯುತ್ತಿದೆ. ಎರಡು ಹೊತ್ತು ಹೊಟ್ಟೆತುಂಬ ರೊಟ್ಟಿ, ಬೇಳೆ, ಸೊಪ್ಪು, ಹಾಲು, ಶೇಂಗಾ ಬೆಲ್ಲ, ರಕ್ತಕ್ಕೆ ಗುಳಿಗೆ, ರಾತ್ರಿ ನಿದ್ದೆ, ಕೆಲವು ತಿಂಗಳಲ್ಲಿ ಬರಬೇಕು, ಬಾರದಿದ್ದರೆ ನಾನಿದ್ದೇನೆ. ಅತ್ತೆ ಜಗಳಕ್ಕೆ ನಿಂತಾಳೆಂದು ಮುತ್ತವ್ವ ಅಂದುಕೊಂಡಿದ್ದಳು. ಅತ್ತೆ ನೆಲ ನೋಡುತ್ತ ಕನ್ನಡದಲ್ಲಿ, ತನಗೆ ತಾನೇ ಅಂದ ಹಾಗೆ, ಬಡಕಲ ಕುರಿ ಬೆದಿಗಿ ಬರೂದಿಲ್ಲ, ಅಂದಳು. ಕುರಿಗಳ ನಡುವೆಯೇ ಹುಟ್ಟಿ ಬೆಳೆದವಳು, ಟಗರು ಬಿಡುವ ಮುಂಚೆ ಹೆಣ್ಣುಕುರಿಗೆ ಜಾಲಿಕಾಯಿ, ಹುರುಳಿ ತಿನ್ನಿಸಿ ಮೈ ತುಂಬಿಸುವವಳು, ಎಲುಬು ಕಾಣುವ ಕುರಿಯನ್ನು ಬದಿಗೆ ಕಟ್ಟಿ, ಇದಕ್ಕ ಮೊದಲ ಮೇಯಸ್ರಿ, ಎಂದು ಗಂಡಸರಿಗೆ ಬೈಯುವವಳು. ಅಷ್ಟು ಅಂದು ಎದ್ದಳು.

ಈಗ ನಿಂತಿದ್ದಾಳೆ, ಸ್ಟ್ಯಾಂಡಿನ ಮಗ್ಗುಲಿಗೆ, ಖಾನಾವಳಿಯ ಬಾಗಿಲಲ್ಲಿ, ಜೀವಮಾನದಲ್ಲಿ ಖಾನಾವಳಿಯ ಹೊಸ್ತಿಲು ತುಳಿಯದವಳು. ಒಳಗ ಬಾ, ಅನ್ನುತ್ತಾಳೆ. ಅತ್ತೀ, ಇವತ್ತ ಗುರುವಾರ ಐತ್ರಿ. ಗೊತ್ತೈತಿ, ದತ್ತಗ ನಾ ಹೇಳ್ಕೋತೇನಿ, ನೀ ಕುಂದರ. ಜೋಳದ ರೊಟ್ಟಿ, ಝುಣಕಾ, ಖಾರಬ್ಯಾಳಿ, ಒಂದು ಗ್ಲಾಸು ಹಾಲು, ಹಾಲು ಬಂದ ಕೂಡಲೇ ಮೂಸಿ ನೋಡಿ, ನೀರ ಹಾಕ್ಯಾರ ಹಲ್ಕಟ್ಟುಗಳು, ನಾಳಿಂದ ಮನೀದಽ ಕುಡಿ, ಡೇರಿ ಮುಳಗೂದಿಲ್ಲ, ಅಂದಳು, ಅದೇ ಉಸಿರಿನಲ್ಲಿ, ನಿಮ್ಮವ್ವಗ ಹೇಳಿ ಕಳಸ್ತೇನಿ, ತುಳಸಿಗೆ ಬ್ಯಾರೆ ಮನಿ ನೋಡ್ರಿ ಅಂತ. ಮುತ್ತವ್ವ ತುತ್ತು ನುಂಗಿದಳು, ಇನ್ನೊಂದು ನುಂಗಿದಳು, ಕಣ್ಣೀರು ಝುಣಕಾದಲ್ಲಿ ಬಿತ್ತು, ಬೀಳಲಿ, ತುಳಸಿ ಬರುವುದಿಲ್ಲ, ತುಳಸಿ ತಂಗಿಯಾಗಿಯೇ ಇರುತ್ತಾಳೆ, ಬಿಸಿ ರೊಟ್ಟಿ ಒಳಗಿಳಿದ ಹಾಗೆ ಅಂಗೈಗೆ ಬಿಸಿ ಬರುತ್ತಿದೆ, ಎದೆ ಹಗುರಾಗಿದೆ, ಇನ್ನೊಂದು ರೊಟ್ಟಿ ಕೇಳಲೇ, ಕೇಳುತ್ತೇನೆ, ನೀವೂ ಉಣ್ಣರಿ ಅತ್ತಿ, ಅತ್ತೆ ರೊಟ್ಟಿ ಮುರಿದಳು, ಕೈ ಎತ್ತಿದಳು, ಅಲ್ಲೇ ತಡೆದಳು. ಏಳ ವರ್ಷ ಮುತ್ತಿ. ನಂಗ ಏಳ ವರ್ಷ ಬಂಜಿ ಅಂದ್ರು. ನಮ್ಮತ್ತಿ ಕಲಿಸಿದ್ದಽ ಈ ಉಪಾಸ, ಒಂದೂ ಬಿಡಲಿಲ್ಲ. ಎಂಟನೇ ವರ್ಷ ನಿಮ್ಮ ಮಾವಾರ ಸಂಗಾಟ ಕುರಿ ಹೊಡಕೊಂಡ ಹ್ವಾದೆ, ಅಡವ್ಯಾಗ ಯಾವ ಗುರುವಾರ ಯಾವ ಶನಿವಾರ, ಸಿಕ್ಕದ್ದ ಉಂಡೆ, ಕುರಿ ಹಾಲ ಕುಡದೆ, ಅಮಸಿದ್ದ ಹುಟ್ಟಿದ. ದೇವರಽ ಕೊಟ್ಟ ಅಂತ ಬಂದು ಮತ್ತ ಉಪಾಸ ಹಿಡದೆ, ನಿನಗೂ ಹಿಡಿಸಿದೆ. ಆ ವರ್ಷ ಉಪಾಸಽ ಇರಲಿಲ್ಲಲ್ಲ ಮುತ್ತಿ, ನಾ ಯಾಕ ನೋಡಲಿಲ್ಲ. ಮುತ್ತವ್ವನ ಬಾಯಿಯ ತುತ್ತು ಅಲ್ಲೇ ನಿಂತಿತು, ಬಸ್ಸು ಬಂತೇನೋ, ಯಾರೋ ಆರಗ ಆರಗ ಎಂದು ಕೂಗುತ್ತಿದ್ದಾರೆ, ಹೋಗಲಿ, ಇನ್ನೊಂದು ಬರುತ್ತದೆ, ಆ ಕೈ ಮಾತ್ರ ಇನ್ನೂ ಅಲ್ಲೇ ಇದೆ, ತಾಟಿಗೂ ಬಾಯಿಗೂ ನಡುವೆ, ರೊಟ್ಟಿಯ ಚೂರು ಹಿಡಿದುಕೊಂಡು, ತಿನ್ರಿ ಅತ್ತಿ, ಆ ಕೈ, ತಿನ್ರಿ, ಆ ಕೈ.