ಪೆಣಕರ ಮಾಸ್ತರರಿಗೆ ಹತ್ತು ಜನ

ಆ ವರ್ಷ, ೨೦೦೬ರಲ್ಲಿ, ಪೆಣಕರ ಮಾಸ್ತರರಿಗೆ ಮುಂಬೈಗೆ ಹೋಗಲಾಗಲಿಲ್ಲ. ಮೊಣಕಾಲಿನ ಆಪರೇಷನ್ ಆಗಿ ಹನ್ನೆರಡೇ ದಿನವಾಗಿತ್ತು. ಹೆಂಡತಿ ತೀರಿಕೊಂಡ ತಿಥಿಗೆ ಪ್ರತಿವರ್ಷ ಅಲ್ಲಿನ ಯಹೂದಿ ಮಂದಿರಕ್ಕೆ ಹೋಗಿ, ಆಕೆಯ ಹೆಸರಿನಲ್ಲಿ ಕಡ್ಡಿಶ್ ಪ್ರಾರ್ಥನೆ ಹೇಳಿ ಬರುತ್ತಿದ್ದರು. ಅದೇ ಮಂದಿರದಲ್ಲಿ ಮೂವತ್ತು ವರ್ಷ ಪ್ರಾರ್ಥನೆ ಹಾಡಿದವರು, ನಲವತ್ತು ಕಂಠಗಳ ಮೇಳಕ್ಕೆ ತಾವೇ ರಾಗ ಕಟ್ಟಿದವರು. ಮೇಳದವರು ಒಬ್ಬೊಬ್ಬರಾಗಿ ಇಸ್ರೇಲಿಗೆ ಹೋದರು. ಇವರು ಕಾರವಾರದ ಶಾಲೆಯೊಂದಕ್ಕೆ ಸಂಗೀತ ಕಲಿಸಲು ಬಂದು, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು.

"ಇಲ್ಲೇ ಹೇಳ್ಬಹುದಲ್ಲ ಮಾಸ್ತರ್ರೇ?" ಎಂದೆ.

"ಹತ್ತು ಗಂಡಸರು ಸೇರ್ಬೇಕು ಅಕ್ಕೋರೇ. ಇಲ್ದಿದ್ರೆ ಹೇಳೂದಿಲ್ಲ."

ಎಂಥ ಗಂಡಸರು ಎಂದು ನಾನು ಕೇಳಲಿಲ್ಲ. ಅಂಕೋಲೆಯ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿ ಬಂದು, ಇಬ್ಬರು ಮಕ್ಕಳ ಊಟ ಮುಗಿಸುವಷ್ಟರಲ್ಲಿ ಯಾವುದನ್ನೂ ಎರಡನೆಯ ಸಲ ಕೇಳುವ ಶಕ್ತಿ ಉಳಿಯುತ್ತಿರಲಿಲ್ಲ. ಬೈತಖೋಲದ ಮೀನು ಬಂದರಿನಲ್ಲಿ ಲೋಡಿಂಗ್ ಮಾಡುವ ನನ್ನ ತಮ್ಮ ಸುನಿಲನಿಗೆ, ಹತ್ತು ಗಂಡಸರನ್ನು ಸೇರಿಸು ಎಂದು ಹೇಳಿಬಿಟ್ಟೆ.

ತಿಥಿಯ ಸಂಜೆ, ತಾನೂ ಸೇರಿ ಹತ್ತಾಗಲೆಂದು, ಅವನು ಜೊತೆಗೆ ಕೆಲಸ ಮಾಡುವ ಒಂಬತ್ತು ಜನರನ್ನು ಕರೆತಂದ. ಎಲ್ಲರೂ ಮಿಂದು, ಇಸ್ತ್ರಿ ಅಂಗಿ ತೊಟ್ಟಿದ್ದರು.

"ಬೆಳಿಗ್ಗಿಂದ ಮೀನು ಮುಟ್ಲಿಲ್ಲ ಮಾಸ್ತರ್ರೇ," ಎಂದ ಅವರಲ್ಲೊಬ್ಬ, ಬೀರಾ. "ಹೆಂಡ್ತಿ ನಗಾಡ್ತಿತ್ತು."

ಮಾಸ್ತರರು ಕೋಲೂರಿ ನಿಂತು ಒಬ್ಬೊಬ್ಬರನ್ನೇ ನೋಡಿದರು. ಆಮೇಲೆ ನನಗೆ ಮೆಲ್ಲಗೆ ಹೇಳಿದರು: "ಹತ್ತೂ ಜನ ಯಹೂದಿಗಳೇ ಆಗ್ಬೇಕು ಅಕ್ಕೋರೇ."

ನನಗೆ ಮುಖ ಎತ್ತಲಾಗಲಿಲ್ಲ. ಸುನಿಲನೇ ಮಾತಾಡಿದ: "ನೀವ್ ಹೇಳ್ಬಿಡಿ. ನಾವ್ ಯಾರತ್ರೂ ಬಾಯಿ ಬಿಡೂದಿಲ್ಲ."

"ಅವಳಿಗೆ ಗೊತ್ತಾಗ್ತದಲ್ಲೋ. ನನ್ನ ಹಾಡಲ್ಲಿ ತಪ್ಪು ಹಿಡೀತಿದ್ದವಳು ಅವಳೊಬ್ಳೇ." ಮಾಸ್ತರರು ಕುರ್ಚಿಯಲ್ಲಿ ಕುಸಿದು ಕುಳಿತರು. "ಬಂದೀರಲ್ಲ, ಕೂತ್ಕೊಳ್ಳಿ. ಬೇರೆ ಒಂದು ಹಾಡ್ತೇನೆ. ಅದಕ್ಕೆ ಇಷ್ಟೇ ಜನ ಬೇಕು ಅಂತಿಲ್ಲ."

ಅದು ಮೇಳಕ್ಕೆಂದು ಅವರು ರಾಗ ಕಟ್ಟಿದ್ದ ದಾವೀದನ ಕೀರ್ತನೆ. ತಮ್ಮ ಪಾಲನ್ನು ಹಾಡುವರು, ಮೇಳದ ಉಳಿದವರ ಸರದಿ ಬಂದಾಗ ಸುಮ್ಮನಾಗಿ, ಕುರ್ಚಿಯ ಕೈಯ ಮೇಲೆ ಬೆರಳಿನಿಂದ ತಾಳ ಹಾಕುವರು, ಮತ್ತೆ ಹಾಡುವರು. ಅಂಥದೊಂದು ಮೌನದಲ್ಲಿ ಬೀರಾ ಗೋಡೆಗೊರಗಿ ಗೊರಕೆ ಹೊಡೆದ. ಸುನಿಲ ತಿವಿಯಹೋದರೆ ಮಾಸ್ತರರು ಬೇಡವೆಂದು ಕೈಯಾಡಿಸಿ, ತಾಳ ತಪ್ಪದೆ ಮುಂದುವರಿಸಿದರು.

ಕಡ್ಡಿಶ್ ಉಳಿದೇ ಹೋಯಿತು. ಚಹಾ ಕುಡಿದು ಎಲ್ಲರೂ ಚಪ್ಪಲಿ ಮೆಟ್ಟುವಾಗ ಮಾಸ್ತರರು ಸುನಿಲನನ್ನು ಕರೆದರು.

"ಮುಂದಿನ ವರ್ಷಕ್ಕೆ ಮುಂಬೈ ರೈಲಿನ ರಿಸರ್ವೇಶನ್ ಎಷ್ಟು ದಿನ ಮೊದ್ಲು ಮಾಡ್ಬಹುದೋ ಕೇಳಿಡು. ಕೆಳಗಿನ ಬರ್ತೇ ಬೇಕು."